ಕಡಲ ವಿಜ್ಞಾನ ಮತ್ತು ಘಟ್ಟದ ಮೇಲಿನ ಆಡಳಿತ



ಬೆಂಗಳೂರಿನ ಪೂರ್ವದ ಅಂಚಿನ ಬ್ರೂಕ್‌ಫೀಲ್ಡ್ ಬಡಾವಣೆಯಲ್ಲಿ ನಿಂತು ಯಾರಾದರೂ ಸಮುದ್ರದ ಮಾತೆತ್ತಿದರೆ ಕೇಳಿದವರಿಗೆ ನಗು ಬರಬಹುದು. ಸುತ್ತ ಸಾಫ್ಟ್‌ವೇರ್ ಕಂಪನಿಗಳು, ಆಚೆ ವೈಟ್‌ಫೀಲ್ಡ್, ಈಚೆ ಕುಂದಲಹಳ್ಳಿ ಕೆರೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಮಂಗಳೂರಿನ ಕಡಲು ಇಲ್ಲಿಂದ 350 ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ಈ ಭಾಗದ ಮನೆಗಳ ಕೊಳೆನೀರಿಗೆ ಸಮುದ್ರದ ದಾರಿ ಚೆನ್ನಾಗಿ ಗೊತ್ತು. ಅದು ರಾಜಕಾಲುವೆ ಹಿಡಿದು, ವರ್ತೂರು ಕೆರೆಯ ದಿಕ್ಕಿಗೆ ಇಳಿದು, ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆ ನದಿ ತಮಿಳುನಾಡಿನ ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ದಾಟಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ.

ಅಲ್ಲಿಂದ ತುಸು ದಕ್ಷಿಣಕ್ಕೆ ಹೋದರೆ ಪರಂಗಿಪೇಟ್ಟೈ ಎಂಬ ಊರು ಸಿಗುತ್ತದೆ. ಹಿಂದೆ ಅದನ್ನು ಪೋರ್ಟೊ ನೋವೊ ಎನ್ನುತ್ತಿದ್ದರು. ಅಲ್ಲಿ ವೆಳ್ಳಾರು ನದಿಯ ಅಳಿವೆಯ ದಡದಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಕೇಂದ್ರವಿದೆ. ಪ್ರೊಫೆಸರ್ ಆರ್. ವಿ. ಶೇಷಯ್ಯನವರು ಕಟ್ಟಿ ಬೆಳೆಸಿದ ಆ ಕೇಂದ್ರಕ್ಕೆ 1960ರ ದಶಕದಲ್ಲೇ ವಿಶ್ವವಿದ್ಯಾಲಯ ಧನಸಹಾಯ ಆಯೋಗದಿಂದ ಉನ್ನತ ಅಧ್ಯಯನ ಕೇಂದ್ರವೆಂಬ ಮನ್ನಣೆ ಸಿಕ್ಕಿತು. ನಾವು ಹರಿಯಬಿಟ್ಟ ನೀರನ್ನು ಕೊನೆಗೆ ಸೀಸೆಯಲ್ಲಿ ತುಂಬಿ ಪರೀಕ್ಷಿಸುವ ಕೆಲಸ ಇಂತಹ ಕೇಂದ್ರಗಳದ್ದು. ಹಾಗಾಗಿ ವಿಶ್ವವಿದ್ಯಾಲಯವೊಂದರ ಕಡಲ ಸಂಶೋಧನಾ ಸಂಸ್ಥೆಯನ್ನು ಯಾರು ನಡೆಸಬೇಕು, ಹೇಗೆ ನಡೆಸಬೇಕು ಎಂಬ ಪ್ರಶ್ನೆ ಕರಾವಳಿಯವರಿಗೆ ಮಾತ್ರ ಸೇರಿದ್ದಲ್ಲ.

ನಮ್ಮ ರಾಜ್ಯದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳು ಸೇರಿ ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ಕಡಲ ತೀರವಿದೆ. 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಪ್ರಾರಂಭವಾಯಿತು. ಮೀನುಗಾರಿಕೆಯ ಪದವಿ ಶಿಕ್ಷಣಕ್ಕೆಂದೇ ದೇಶದಲ್ಲಿ ಹುಟ್ಟಿದ ಮೊದಲ ಕಾಲೇಜು ಅದು. ಇಲ್ಲಿ ಕಲಿತವರು ಅನಂತರ ಬೇರೆ ರಾಜ್ಯಗಳಲ್ಲೂ ಕೆಲಸ ಮಾಡಿದರು. ಅಂದು ಈ ಕಾಲೇಜು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ರಾಗಿ, ಭತ್ತ, ಹಿಪ್ಪುನೇರಳೆ, ದನಕರು ಇವುಗಳ ಜೊತೆಗೆ ಮೀನು. 2005ರಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬೀದರಿನಲ್ಲಿ ಕೆಲಸ ಆರಂಭಿಸಿದಾಗ ಮಂಗಳೂರಿನ ಕಾಲೇಜು ಅದರ ಆಶ್ರಯಕ್ಕೆ ಬಂತು. ಬೀದರಿಗೂ ಮಂಗಳೂರಿಗೂ ರಸ್ತೆಯ ಹಾದಿಯಲ್ಲಿ ಏಳೆಂಟುನೂರು ಕಿಲೋಮೀಟರ್ ಅಂತರ. ರಾಜ್ಯದ ಉತ್ತರದ ತುದಿಯ ಒಣನೆಲ ಒಂದು ಕಡೆ, ನೈಋತ್ಯದ ಉಪ್ಪುನೀರು ಇನ್ನೊಂದು ಕಡೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೂ ಹೀಗೆಯೇ. ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಯ ಅಳಿವೆಗೆ ಸಮೀಪ. ಕುಲಪತಿಗಳ ಕಚೇರಿ ಇರುವುದು ಘಟ್ಟದ ಮೇಲೆ. ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನ ವಿಭಾಗಕ್ಕೆ ಮಾತ್ರ ಆಡಳಿತವೂ ಕಡಲೂ ಎರಡೂ ಹತ್ತಿರ.

ಈಗ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೂರವೇ ದೋಷ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಕ್ರಿಪ್ಸ್ ಎಂಬ ಹೆಸರಾಂತ ಸಾಗರ ಸಂಶೋಧನಾ ಸಂಸ್ಥೆಯಿದೆ. 1903ರಲ್ಲಿ ಸ್ಯಾನ್ ಡಿಯಾಗೊ ಊರಿನವರ ಒಂದು ಸಣ್ಣ ಸಂಘವಾಗಿ ಹುಟ್ಟಿ, 1912ರಲ್ಲಿ ಅದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಂಗವಾಯಿತು. ಆಗ ಆ ವಿಶ್ವವಿದ್ಯಾಲಯದ ಕೇಂದ್ರ ಬರ್ಕ್ಲಿಯಲ್ಲಿತ್ತು. ಸ್ಯಾನ್ ಡಿಯಾಗೊದಿಂದ ಬರ್ಕ್ಲಿಗೆ ಇರುವ ದೂರವೂ ಹೆಚ್ಚುಕಡಿಮೆ ನಮ್ಮ ಮಂಗಳೂರು–ಬೀದರಿನಷ್ಟೇ! ಆದರೆ ಆ ಸಂಸ್ಥೆಗೆ ಸ್ಥಳದಲ್ಲೇ ವಾಸವಿದ್ದ ನಿರ್ದೇಶಕರಿದ್ದರು, ದಾನಿಗಳು ಕೊಟ್ಟ ಹಣವಿತ್ತು. 1916ರಲ್ಲಿ ಅಲ್ಲಿನ ಕಡಲ ಸೇತುವೆಯ ಮೇಲೆ ನಿಂತು ಪ್ರತಿದಿನ ನೀರಿನ ಉಷ್ಣತೆಯನ್ನು ಅಳೆಯುವ ಕೆಲಸ ಆರಂಭಿಸಿದರು. ನಿರ್ದೇಶಕರು ಬದಲಾದರು, ಎರಡು ಮಹಾಯುದ್ಧಗಳು ಬಂದು ಹೋದವು. ಅಳೆಯುವ ಕೆಲಸ ನೂರು ವರ್ಷ ದಾಟಿ ನಡೆಯಿತು. ಕಡಲು ಎಷ್ಟು ಬಿಸಿಯಾಗಿದೆ ಎಂಬ ಪ್ರಶ್ನೆಗೆ ಇಂದು ಅವರ ಬಳಿ ಊಹೆಯ ಬದಲು ಲೆಕ್ಕವಿದೆ.

ಅದೇ ಸಂಸ್ಥೆಯ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದರು. 1964ರಲ್ಲಿ ಅನುದಾನ ಕಡಿತವಾಗಿ ಕೆಲಕಾಲ ಅಳತೆ ನಿಂತಿತು. ಜಗತ್ತಿಗೆಲ್ಲ ಪರಿಚಿತವಾದ ಆ ರೇಖಾಚಿತ್ರದ ಹಿಂದಿನ ದಾಖಲೆಯಲ್ಲಿ ಆ ಖಾಲಿ ಜಾಗ ಇಂದಿಗೂ ಇದೆ. ಕಡತದ ಮೇಲೆ ಯಾರೋ ಹಾಕಿದ ಒಂದು ಷರಾ ವಿಜ್ಞಾನದಲ್ಲಿ ಎಂತಹ ಗುರುತು ಬಿಡುತ್ತದೆ ನೋಡಿ. ತಪ್ಪಿದ ಅಳತೆಯನ್ನು ಮುಂದಿನ ವರ್ಷ ದುಪ್ಪಟ್ಟು ಹಣ ಕೊಟ್ಟರೂ ತರಲಾಗುವುದಿಲ್ಲ.

ಕಡಲಿಗೆ ತನ್ನದೇ ಪಂಚಾಂಗವಿದೆ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಅದರ ಜೊತೆ ನೈಟ್ರೇಟ್, ಫಾಸ್ಫೇಟ್ ಮುಂತಾದ ಪೋಷಕಾಂಶಗಳೂ ಬರುತ್ತವೆ. ಅವನ್ನುಂಡು ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಪ್ಲವಕಗಳು ಹೊಲದಂತೆ ಬೆಳೆಯುತ್ತವೆ. ಬೂತಾಯಿ, ಬಂಗುಡೆ ಮೀನುಗಳ ಸುಗ್ಗಿಗೆ ಇದೇ ಮೂಲ. ಅದೇ ನೀರಿನಲ್ಲಿ ಆಮ್ಲಜನಕ ಕಡಿಮೆ. ಮಳೆಗಾಲ ಮುಗಿಯುವ ಹೊತ್ತಿಗೆ ತೀರದ ಹತ್ತಿರದ ತಳದ ನೀರಿನಲ್ಲಿ ಅದು ಇನ್ನೂ ಇಳಿಯುತ್ತದೆ. ಗೋವಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1997ರಿಂದ ಕಾಂದೋಳಿಂ ಎದುರಿನ ಕಡಲಿನಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅಳೆದುದರಿಂದ ಈ ಏರಿಳಿತದ ಬಗ್ಗೆ ಸಾಕಷ್ಟು ತಿಳಿವಳಿಕೆ ಬಂದಿದೆ.

ಅಂದರೆ ಕಡಲ ವರ್ಷ ಪ್ರಾರಂಭವಾಗುವುದು ಜೂನ್‌ನಲ್ಲಿ. ಸರ್ಕಾರಿ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಖರ್ಚಾಗದ ಹಣ ಆ ದಿನ ಹಿಂದಕ್ಕೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಹೊಸ ಲೆಕ್ಕ ತೆರೆದು, ಮಂಜೂರಾತಿ ಬಂದು, ಕಂತು ಬಿಡುಗಡೆಯಾಗುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಕಡಲು ಶಾಂತವಾಗಿದ್ದಾಗ ಹಣವಿಲ್ಲ, ಹಣ ಬಂದಾಗ ಕಡಲು ಬಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ವಿಜ್ಞಾನ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಮ್ಮ ತಂಡ ಪಶ್ಚಿಮ ಕರಾವಳಿಯ ಒಂದು ಸಂಶೋಧನಾ ಕೇಂದ್ರಕ್ಕೆ ಹೋಗಿತ್ತು. ಅದರ ಹೆಸರು ಇಲ್ಲಿ ಬೇಡ. ನೀರಿನ ಮಾದರಿ ತೆಗೆಯುವುದನ್ನು ಚಿತ್ರಿಸಬೇಕಿತ್ತು. ದೋಣಿ ದಕ್ಕೆಯಲ್ಲೇ ಕಟ್ಟಿತ್ತು, ಎಂಜಿನ್ ಸರಿಯಾಗಿತ್ತು, ಸಂಶೋಧನಾ ವಿದ್ಯಾರ್ಥಿಗಳು ಸೀಸೆಗಳನ್ನು ತೊಳೆದು ಸಿದ್ಧರಾಗಿದ್ದರು. ಡೀಸೆಲ್ಲಿನ ಮಂಜೂರಾತಿ ಮಾತ್ರ ಕೇಂದ್ರ ಕಚೇರಿಯಿಂದ ಬಂದಿರಲಿಲ್ಲ. ದೋಣಿ ನಡೆಸುವ ಹಿರಿಯರು, "ಸಾರ್, ಕಡಲು ಇವತ್ತು ಒಪ್ಪಿದೆ, ಆಫೀಸು ಇನ್ನೂ ಒಪ್ಪಿಲ್ಲ" ಎಂದರು. ನಮ್ಮ ಕಾರ್ಯಕ್ರಮಕ್ಕೆ ಬೇರೆ ದೃಶ್ಯ ಹಾಕಿ ಸುಧಾರಿಸಿದೆವು. ಆ ತಿಂಗಳ ಅಳತೆಗೆ ಬೇರೆ ದೃಶ್ಯ ಹಾಕಲು ಬರುವುದಿಲ್ಲವಲ್ಲ! ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಕೇಂದ್ರ ಕಚೇರಿಯ ಗುಮಾಸ್ತರು ನಿಯಮದಂತೆಯೇ ನಡೆದಿದ್ದರು. ನಿಯಮವನ್ನು ಬರೆದವರ ಮನಸ್ಸಿನಲ್ಲಿ ದೋಣಿ ಇರಲಿಲ್ಲ, ಅಷ್ಟೇ.

ಇದರಿಂದ ಜನಸಾಮಾನ್ಯರಿಗೆ ಏನು ನಷ್ಟ ಎಂದು ತಾವು ಕೇಳಬಹುದು. 2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಸರಕು ಹಡಗು ಉಳ್ಳಾಲದ ಬಳಿ ಮುಳುಗಿತು. ಅದರಲ್ಲಿದ್ದವರನ್ನು ಕೋಸ್ಟ್ ಗಾರ್ಡ್‌ನವರು ಪಾರುಮಾಡಿದರು. ಆದರೆ ಹಡಗಿನೊಳಗಿನ ತೈಲ ಸೋರೀತೆಂಬ ಆತಂಕ ತೀರದ ಮೀನುಗಾರರನ್ನು ಬಹುಕಾಲ ಕಾಡಿತು. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಕಂಟೇನರುಗಳೊಂದಿಗೆ ಮುಳುಗಿ, ಪ್ಲಾಸ್ಟಿಕ್ ಕಾಳುಗಳು ಕೇರಳದ ದಡಕ್ಕೆ ಬಂದು ಬಿದ್ದವು. ಇಂತಹ ಅಪಘಾತವಾದಾಗ ಮೊದಲು ಏಳುವ ಪ್ರಶ್ನೆ: ನಿನ್ನೆಯವರೆಗೆ ಈ ನೀರು ಹೇಗಿತ್ತು? ಅದಕ್ಕೆ ಉತ್ತರ ಇದ್ದರೆ ಹಾನಿಯ ಪ್ರಮಾಣವನ್ನು ತೋರಿಸಿ ಪರಿಹಾರ ಕೇಳಬಹುದು. ಇಲ್ಲದಿದ್ದರೆ ಹಡಗಿನ ಕಂಪನಿಯ ವಕೀಲರು, "ನೀರು ಮೊದಲಿನಿಂದಲೂ ಹೀಗೆಯೇ ಇತ್ತು" ಎಂದರೆ ಎದುರಾಡಲು ನಮ್ಮ ಬಳಿ ಕಾಗದವಿರುವುದಿಲ್ಲ. ಉಳ್ಳಾಲ, ಸೋಮೇಶ್ವರದ ಕಡಲ್ಕೊರೆತಕ್ಕೂ ಈ ಮಾತು ಅನ್ವಯಿಸುತ್ತದೆ. ಮನೆ ಕಳೆದುಕೊಂಡವರ ಮುಂದೆ ಕಲ್ಲು ಸುರಿಯುವ ಮೊದಲು, ಮರಳು ಯಾವ ತಿಂಗಳಲ್ಲಿ ಯಾವ ಕಡೆ ಸರಿಯುತ್ತದೆ ಎಂಬುದರ ಹತ್ತಾರು ವರ್ಷಗಳ ಲೆಕ್ಕ ಬೇಕು.

ಹಾಗಾದರೆ ಪರಿಹಾರವೇನು? ಮಂಗಳೂರಿಗೆ ಪ್ರತ್ಯೇಕ ಮೀನುಗಾರಿಕೆ ವಿಶ್ವವಿದ್ಯಾಲಯ ಬೇಕೆಂಬ ಬೇಡಿಕೆ ಇದೆ. ನೆರೆಯ ಕೇರಳ 2010–11ರಲ್ಲಿ ಕೊಚ್ಚಿಯಲ್ಲಿ ಮೀನುಗಾರಿಕೆ ಮತ್ತು ಸಾಗರ ಅಧ್ಯಯನಗಳ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ತಮಿಳುನಾಡು 2012ರಲ್ಲಿ ನಾಗಪಟ್ಟಿಣದಲ್ಲಿ ಸ್ಥಾಪಿಸಿತು. ಈ ಬೇಡಿಕೆಯಲ್ಲಿ ನ್ಯಾಯವಿದೆ. ಆದರೆ ಹೊಸ ಫಲಕವೊಂದೇ ಎಲ್ಲಕ್ಕೂ ಮದ್ದಲ್ಲ. ಕೇರಳದ ಆ ವಿಶ್ವವಿದ್ಯಾಲಯದಲ್ಲೇ, ಆಯ್ಕೆ ಸಮಿತಿ ಹಲವು ಹೆಸರುಗಳ ಪಟ್ಟಿಯ ಬದಲು ಒಂದೇ ಹೆಸರನ್ನು ಕಳಿಸಿತೆಂಬ ಕಾರಣಕ್ಕೆ 2022ರ ನವೆಂಬರ್‌ನಲ್ಲಿ ಹೈಕೋರ್ಟು ಕುಲಪತಿಗಳ ನೇಮಕವನ್ನು ರದ್ದುಪಡಿಸಬೇಕಾಯಿತು. ಕಡಲು ಕಾಣುವ ಕಿಟಕಿಯಿದ್ದ ಮಾತ್ರಕ್ಕೆ ಆಡಳಿತ ಶುದ್ಧವಾಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ಐದು ವಿಷಯಗಳು ಮುಖ್ಯ.

ಮೊದಲನೆಯದು, ಸಂಸ್ಥೆಯ ಮುಖ್ಯಸ್ಥರು ಸ್ಥಳದಲ್ಲೇ ಇರಬೇಕು. ಸರದಿಯ ಮೇಲೆ ಬಂದು ಹೋಗುವವರ ಬದಲು ಐದು ವರ್ಷದ ಅವಧಿಯ ನಿರ್ದೇಶಕರು ಬೇಕು. ದೋಣಿ, ಡೀಸೆಲ್, ಬಲೆ, ರಾಸಾಯನಿಕಗಳಂತಹ ದಿನನಿತ್ಯದ ವೆಚ್ಚಕ್ಕೆ ಅವರ ಸಹಿಯೇ ಸಾಕಾಗಬೇಕು. ತಪ್ಪು ಲೆಕ್ಕವಿದ್ದರೆ ವರ್ಷದ ಕೊನೆಯಲ್ಲಿ ಆಡಿಟ್‌ನವರು ಹಿಡಿಯಲಿ.

ಎರಡನೆಯದು, ಕಡಲ ಕೆಲಸಕ್ಕೆ ಮಾರ್ಚ್ 31 ದಾಟಿ ಮುಂದುವರಿಯುವ ಒಂದು ನಿಧಿ ಬೇಕು. ದೊಡ್ಡ ಮೊತ್ತ ಬೇಕಾಗಿಲ್ಲ. ತಪ್ಪದೆ ಬರುವ ಸಣ್ಣ ಮೊತ್ತವಾದರೂ ಸಾಕು.

ಮೂರನೆಯದು, ಅಧ್ಯಾಪಕರ ಬಡ್ತಿಯಲ್ಲಿ ಪ್ರಬಂಧಗಳ ಸಂಖ್ಯೆಯ ಜೊತೆಗೆ ಕಡಲಿನಲ್ಲಿ ಕಳೆದ ದಿನಗಳೂ, ಕಾಪಾಡಿಕೊಂಡು ಬಂದ ಅಳತೆಯ ದಾಖಲೆಗಳೂ ಲೆಕ್ಕಕ್ಕೆ ಬರಬೇಕು. ಹದಿನೈದು ವರ್ಷ ಒಂದೇ ಜಾಗದ ಉಪ್ಪಿನಂಶ ಅಳೆದವರ ಹೆಸರು ದೊಡ್ಡ ಪತ್ರಿಕೆಗಳಲ್ಲಿ ಬರಲಿಕ್ಕಿಲ್ಲ. ಆದರೆ ಮುಂದಿನ ತಲೆಮಾರು ನಿಲ್ಲುವುದು ಅವರ ಹೆಗಲ ಮೇಲೆ.

ನಾಲ್ಕನೆಯದು, ಆಡಳಿತ ಮಂಡಳಿಯ ಜೊತೆಗೆ ಒಂದು ಸ್ಥಳೀಯ ಸಲಹಾ ಸಮಿತಿ ಇರಬೇಕು. ಅದರಲ್ಲಿ ಹೊರಗಿನ ವಿಜ್ಞಾನಿಗಳು, ಬಂದರು ಮತ್ತು ಮೀನುಗಾರಿಕೆ ಇಲಾಖೆಯವರು, ಮಾಲಿನ್ಯ ನಿಯಂತ್ರಣ ಮಂಡಳಿಯವರು ಇರಲಿ. ಟ್ರಾಲ್ ಬೋಟಿನವರು ಇದ್ದಂತೆ ನಾಡದೋಣಿಯವರೂ, ಮೀನು ಮಾರುವ ಹೆಂಗಸರೂ ಇರಲಿ. ಯಾವುದನ್ನು ಅಳೆಯಬೇಕೆಂದು ಅವರು ಹೇಳಬಹುದು. ಫಲಿತಾಂಶ ಏನು ಬರಬೇಕೆಂದು ಮಾತ್ರ ಯಾರೂ ಹೇಳಕೂಡದು. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದ ಮೇಲೂ ಆ ಜಗಳ ನಿಂತಿಲ್ಲ. ಇಂತಹ ವಿಷಯದಲ್ಲಿ ಎಲ್ಲ ಬಣದವರೂ ನಂಬಬಲ್ಲ ಒಂದು ಸಂಸ್ಥೆ ಊರಿಗೆ ಬೇಕು.

ಐದನೆಯದು ಎಲ್ಲಕ್ಕಿಂತ ಕಠಿಣ. ವಿಶ್ವವಿದ್ಯಾಲಯಗಳಿಗೆ ಹಣದ ಮುಗ್ಗಟ್ಟು ಬಂದಾಗ ಬಂದರು, ಕಾರ್ಖಾನೆ, ರೆಸಾರ್ಟುಗಳಿಗೆ ಪರಿಸರ ವರದಿ ಬರೆದುಕೊಟ್ಟು ಶುಲ್ಕ ಪಡೆಯುವ ಆಸೆ ಹುಟ್ಟುತ್ತದೆ. ಅಂತಹ ಕೆಲಸ ಮಾಡಬಾರದೆಂದಲ್ಲ. ಆದರೆ ಹಣ ಕೊಟ್ಟವರು ಯಾರು, ಎಷ್ಟು ಕೊಟ್ಟರು, ಅಳತೆಯಲ್ಲಿ ಏನು ಕಂಡಿತು ಎಂಬುದು ಬಹಿರಂಗವಾಗಬೇಕು. ಸಾರ್ವಜನಿಕ ಹಣದಿಂದ ತೆಗೆದ ಅಂಕಿಅಂಶ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರಬಾರದು. ಅದರ ಸಾರಾಂಶ ವರ್ಷಕ್ಕೊಮ್ಮೆಯಾದರೂ ಕನ್ನಡದಲ್ಲಿ ಮಲ್ಪೆಯ, ಗಂಗೊಳ್ಳಿಯ, ತದಡಿಯ ದಕ್ಕೆಗಳಿಗೆ ತಲುಪಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಟ್ಟಡ ಬೇಡ, ಹೊಸ ಹಡಗೂ ಬೇಡ. ಅಧಿಕಾರವನ್ನು ಕೆಲಸ ನಡೆಯುವ ಜಾಗಕ್ಕೆ ಇಳಿಸಿಕೊಡುವ ಮನಸ್ಸು ಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿಗೆ ಬೆಳೆಯಲು ಬಿಡುವು ಕೊಡಬೇಕೆಂದು ಸಾವಿರಾರು ಕುಟುಂಬಗಳು ಆ ಎರಡು ತಿಂಗಳು ಗಳಿಕೆಯನ್ನು ಬಿಟ್ಟು ಕೂರುತ್ತವೆ. ಆ ತ್ಯಾಗದಿಂದ ಫಲ ಸಿಕ್ಕಿತೋ ಇಲ್ಲವೋ ಎಂದು ಅಳೆದು ಹೇಳಬೇಕಾದದ್ದು ನಮ್ಮ ವಿಶ್ವವಿದ್ಯಾಲಯಗಳ ಋಣ. ಆ ಋಣ ತೀರಿಸಲು ಅವುಗಳ ದೋಣಿ ಹೊತ್ತಿಗೆ ಸರಿಯಾಗಿ ದಕ್ಕೆ ಬಿಡುವಂತಾಗಲಿ.