ಮತದಾರರ ಪಟ್ಟಿಯಲ್ಲಿ ಇಲ್ಲದ ಅಂಕಣ

ಚುನಾವಣೆ ಸಮೀಪಿಸಿತೆಂದರೆ ನಮ್ಮ ಬಸವಕಲ್ಯಾಣ, ಹುಮನಾಬಾದುಗಳ ಚಹದ ಅಂಗಡಿಗಳಲ್ಲಿ ಒಂದು ಅಂಕಗಣಿತ ಆರಂಭವಾಗುತ್ತದೆ. ಲಿಂಗಾಯತರು ಇಷ್ಟು ಸಾವಿರ, ಮರಾಠರು ಇಷ್ಟು, ಮುಸಲ್ಮಾನರು ಇಷ್ಟು, ದಲಿತರೂ ಲಂಬಾಣಿಗಳೂ ಇಷ್ಟಿಷ್ಟು. ಬಸವಕಲ್ಯಾಣದಲ್ಲಿ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆದಾಗಲೂ ಇದೇ ಮಾತು. ಈ ಅಂಕಿಗಳು ಎಲ್ಲಿಂದ ಬರುತ್ತವೆ?

ಮತದಾರರ ಪಟ್ಟಿಯಿಂದಲ್ಲ. ಅಲ್ಲಿರುವುದು ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆಯ ಸಂಖ್ಯೆ, ವಯಸ್ಸು, ಲಿಂಗ ಇಷ್ಟೆ, ಜಾತಿಗೆ ಅಂಕಣವಿಲ್ಲ. ಇದು ಮರೆವಿನಿಂದ ಆದುದಲ್ಲ. ಬ್ರಿಟಿಷ್ ಆಡಳಿತವು 1909ರಲ್ಲಿ ಪ್ರತ್ಯೇಕ ಮತಕ್ಷೇತ್ರಗಳನ್ನು ತಂದು ಮತದಾರನನ್ನು ಧರ್ಮದಿಂದ ವಿಂಗಡಿಸಿತ್ತು. ಸಂವಿಧಾನದ 325ನೆಯ ವಿಧಿ ಆ ದಾರಿಯನ್ನು ಮುಚ್ಚಿತು: ಕ್ಷೇತ್ರಕ್ಕೆ ಒಂದೇ ಪಟ್ಟಿ, ಧರ್ಮ, ಜನಾಂಗ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಹೊರಗಿಡುವಂತಿಲ್ಲ. ಅಮೆರಿಕದ ಜನಗಣತಿ ಇಲಾಖೆ ಮತದಾನದ ವಯಸ್ಸಿನ ನಾಗರಿಕರ ಅಂದಾಜನ್ನು ಜನಾಂಗವಾರು ಪ್ರಕಟಿಸುತ್ತದೆ. ನಮ್ಮಲ್ಲಿ ಅಂಥದು ಇಲ್ಲ. ನಮ್ಮ ಜನಗಣತಿ ಧರ್ಮ, ಮಾತೃಭಾಷೆ, ಪರಿಶಿಷ್ಟರ ಸಂಖ್ಯೆಗಳನ್ನು ಕೊಡುತ್ತದೆ. ಎಲ್ಲ ಜಾತಿಗಳ ಅಂಕಿಗಳನ್ನು ಅದು ಕೊನೆಯ ಬಾರಿ ಪೂರ್ಣವಾಗಿ ಕೊಟ್ಟದ್ದು 1931ರಲ್ಲಿ.

ಹಾಗಾದರೆ ಚಹದಂಗಡಿಯ ಲೆಕ್ಕಕ್ಕೆ ಆಧಾರ ಹೆಸರು ಮಾತ್ರ. ಕಾರ್ಯಕರ್ತರು ಪಟ್ಟಿಯನ್ನು ಹರಡಿಕೊಂಡು, ಹೆಸರಿನ ಮೇಲೆ ಬೆರಳಿಟ್ಟು ಜಾತಿಯನ್ನು ಊಹಿಸುವುದನ್ನು ನಾನು ಕಂಡಿದ್ದೇನೆ. ಬೀದರ ಸೀಮೆಯಲ್ಲಿ ಈ ವಿದ್ಯೆ ಬಹುದೂರ ಸಾಗದು. ಪಾಟೀಲ ಎಂಬುದು ಊರಗೌಡಿಕೆಯ ಹೆಸರು; ಅದು ಲಿಂಗಾಯತರಲ್ಲೂ ಉಂಟು, ಮರಾಠರಲ್ಲೂ ಉಂಟು. ಹಳೆಯ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆ 1956ರ ನವೆಂಬರ್ 1ರಂದು ಮೂರು ರಾಜ್ಯಗಳಿಗೆ ಹಂಚಿಹೋಯಿತು. ಮನೆಮಾತುಗಳೂ ನಂಟಸ್ತಿಕೆಗಳೂ ಆ ಗಡಿಯಂತೆ ಹಂಚಿಹೋಗಲಿಲ್ಲ. ಲಂಬಾಣಿಗಳನ್ನೇ ನೋಡಿ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಬಳಗಕ್ಕೆ ಮೂರು ಹೆಸರು.

ಎಣಿಕೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಔರಾದ ಪರಿಶಿಷ್ಟ ಜಾತಿಗೆ ಮೀಸಲಾಗಿರುವುದು ಎಣಿಕೆಯ ಬಲದಿಂದಲೇ. ಮುಂದಿನ ಜನಗಣತಿಯಲ್ಲಿ ಜಾತಿಯನ್ನು ಸೇರಿಸಲು ಕೇಂದ್ರ ಸಂಪುಟ 2025ರ ಏಪ್ರಿಲ್ 30ರಂದು ನಿರ್ಧರಿಸಿತು. ಭೂಮಿ, ವಿದ್ಯೆ, ಉದ್ಯೋಗಗಳಲ್ಲಿ ಯಾರು ಹಿಂದುಳಿದಿದ್ದಾರೆಂದು ಅರಿಯಲು ಅದು ಅವಶ್ಯವೇ. ಆದರೆ ಅದೇ ಅಂಕಿಯನ್ನು ಹಿಡಿದು ಇಷ್ಟು ಸಾವಿರ ಮತ ನಮ್ಮವು ಎಂದು ಬರೆದುಕೊಳ್ಳುವುದು ಬೇರೆಯ ಮಾತು.

1951-52ರ ಮೊದಲ ಮಹಾಚುನಾವಣೆಯ ಸಂದರ್ಭದಲ್ಲಿ ಅನೇಕ ಹೆಂಗಸರು ತಮ್ಮ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಆಯೋಗ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ನಮೂದುಗಳು ಪಟ್ಟಿಯಿಂದ ಬಿದ್ದುಹೋದವು. ಕಠಿಣವೇ ಸರಿ. ಆದರೆ ಅದರ ಹಿಂದಿನ ತತ್ತ್ವ ದೊಡ್ಡದು: ಮತ ಇರುವುದು ವ್ಯಕ್ತಿಗೆ, ಅವರು ಯಾರಿಗೆ ಸೇರಿದವರೆಂಬುದಕ್ಕಲ್ಲ. ಹನ್ನೆರಡನೆಯ ಶತಮಾನದಲ್ಲಿ ಹುಟ್ಟನ್ನು ಬದಿಗಿಟ್ಟು ಶರಣರು ಕೂಡಿದ ಕಲ್ಯಾಣದಲ್ಲಿ ಈ ತತ್ತ್ವ ಹೊಸದೆನಿಸಬಾರದು.