ಸಹಿ ಹಾಕಲು ಉಳಿದವರು

ಇವತ್ತು ರಾಜಕಾರಣಿಗಳಿಗೆ ರಜೆ ಕೊಡೋಣ. ಒಂದು ವಿಚಿತ್ರ ಹವ್ಯಾಸದ ಬಗ್ಗೆ ಹೇಳ್ತೀನಿ.

ನಾವು ನಟರ, ಕ್ರಿಕೆಟಿಗರ ಆಟೋಗ್ರಾಫ್‌ಗೆ ಮುಗಿಬೀಳ್ತೀವಿ. ಬ್ರಿಟನ್‌ನಲ್ಲಿ ಎರಡನೇ ಮಹಾಯುದ್ಧದ ಬಾಂಬರ್ ಸಿಬ್ಬಂದಿ ಸಹಿ ಮಾಡಿದ ಫೋಟೊಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಅದರಲ್ಲೂ ‘ಡ್ಯಾಂಬಸ್ಟರ್ಸ್’, ಅಂದರೆ 617ನೇ ಸ್ಕ್ವಾಡ್ರನ್‌ನವರ ಸಹಿಗೆ ಎಲ್ಲಿಲ್ಲದ ಬೇಡಿಕೆ.

1943ರ ಮೇ 16ರ ರಾತ್ರಿ. 19 ಲ್ಯಾಂಕಾಸ್ಟರ್ ವಿಮಾನ, ಒಂದೊಂದರಲ್ಲಿ 7 ಜನ, ಒಟ್ಟು 133. ಹುಡುಗರು ಕೆರೆಗೆ ಚಪ್ಪಟೆ ಕಲ್ಲೆಸೆದು ಕುಪ್ಪಳಿಸ್ತಾರಲ್ಲ, ಹಾಗೆ ನೀರಿನ ಮೇಲೆ ಪುಟಿಯುವ ಬಾಂಬು ಹಾಕಿ ಜರ್ಮನಿಯ ಅಣೆಕಟ್ಟೆ ಒಡೀಬೇಕು. ಅದಕ್ಕೆ ಕತ್ತಲಲ್ಲಿ, ನೀರಿನಿಂದ ಬರೀ 60 ಅಡಿ ಎತ್ತರದಲ್ಲಿ ಹಾರಬೇಕು! ಎರಡು ಅಣೆಕಟ್ಟೆ ಒಡೆದವು. 8 ವಿಮಾನ ವಾಪಸ್ ಬರಲಿಲ್ಲ. 53 ಮಂದಿ ಸತ್ತರು, 3 ಮಂದಿ ಸೆರೆಯಾದರು. ಮರಳಿ ಬಂದ 77 ಜನರಲ್ಲೂ 32 ಮಂದಿ ಯುದ್ಧ ಮುಗಿಯೋದ್ರೊಳಗೆ ಹೋದ್ರು.

ಸಹಿಯ ಬೆಲೆ ನಿಂತಿರೋದು ಈ ಲೆಕ್ಕದ ಮೇಲೆ. ಸತ್ತ ಆ 53 ಹುಡುಗರಿಗೆ ತಾವು ಪ್ರಸಿದ್ಧರಾದದ್ದೇ ಗೊತ್ತಿಲ್ಲ. ಅವರ ಕೈಬರಹ ಸಿಕ್ಕರೆ ಮನೆಗೆ ಬರೆದ ಕಾಗದದಲ್ಲೋ, ಲಾಗ್‌ಬುಕ್‌ನಲ್ಲೋ ಸಿಗಬೇಕು. ನಾಯಕ ಗೈ ಗಿಬ್ಸನ್ 1944ರಲ್ಲಿ ಸತ್ತಾಗ ವಯಸ್ಸು 26. ಈ ದಾಳಿಯ ಸಿನಿಮಾ ಬಂದದ್ದು 1955ರಲ್ಲಿ. ಆ ಸಿನಿಮಾ ಪೋಸ್ಟರ್ ಮೇಲೆ ಗಿಬ್ಸನ್ ಸಹಿ ಇದೆ ಅಂತ ಯಾರಾದ್ರೂ ಮಾರೋಕೆ ಬಂದ್ರೆ ಏನರ್ಥ, ನೀವೇ ಹೇಳಿ.

ಆ ರಾತ್ರಿ ಪ್ರವಾಹದಲ್ಲಿ 1,200ಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಅವರಲ್ಲಿ ನೂರಾರು ಮಂದಿ ಹಿಟ್ಲರನ ಜರ್ಮನಿ ಬಲವಂತವಾಗಿ ತಂದು ದುಡಿಸುತ್ತಿದ್ದ ಪರದೇಶದ ಹೆಂಗಸರು. ಮಿತ್ರರಾಷ್ಟ್ರಗಳು ಯಾರನ್ನು ಬಿಡಿಸಬೇಕಿತ್ತೋ ಅವರೇ! ಫ್ರೇಮು ಹಾಕಿಸಿದ ಫೋಟೊದಲ್ಲಿ ಇವರಿಲ್ಲ. ಹಾಗಂತ ಸಂಗ್ರಹಕಾರರನ್ನು ನಾನು ಬೈಯಲ್ಲ. ಅವರಿಂದಾಗಿಯೇ ಎಷ್ಟೋ ಹೆಸರು ಕಸದ ಬುಟ್ಟಿ ಸೇರದೆ ಉಳಿದಿವೆ.

ನನಗೆ ಇಷ್ಟವಾದವರು ನ್ಯೂಜಿಲೆಂಡಿನ ಪೈಲಟ್ ಲೆಸ್ ಮನ್ರೋ. ಗುಂಡೇಟಿಗೆ ರೇಡಿಯೊ ಕೆಟ್ಟು, ಬಾಂಬು ಹಾಕದೆಯೇ ಅರ್ಧ ದಾರಿಯಿಂದ ವಾಪಸಾದವರು. ಬದುಕಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. 2015ರಲ್ಲಿ ಈ ಅಜ್ಜ ತಮ್ಮ ಪದಕಗಳನ್ನೇ ಹರಾಜಿಗಿಟ್ಟರು. ತಮಗಾಗಿ ಅಲ್ಲ, ಲಂಡನ್‌ನ ಬಾಂಬರ್ ಕಮಾಂಡ್ ಸ್ಮಾರಕದ ನಿರ್ವಹಣೆಗೆ ದುಡ್ಡು ಬೇಕಿತ್ತು. ಆ ಸ್ಮಾರಕ ಬಾಂಬರ್ ಕಮಾಂಡ್‌ನಲ್ಲಿ ಸತ್ತ 55,573 ಜನರದ್ದು. ಕೊನೆಗೆ ಸಂಗ್ರಹಕಾರರೊಬ್ಬರು 75,000 ಪೌಂಡ್ ಸ್ಮಾರಕಕ್ಕೆ ಕೊಟ್ಟರು, ಪದಕ ಬೇಡ ಅಂದರು. ಅವು ಆಕ್ಲೆಂಡ್‌ನ ಮ್ಯೂಸಿಯಂ ಸೇರಿದವು. ಅದೇ ಆಗಸ್ಟ್‌ನಲ್ಲಿ ಮನ್ರೋ ತೀರಿಕೊಂಡರು. ಆ ದಾಳಿಯ ಪೈಲಟ್‌ಗಳಲ್ಲಿ ಉಳಿದಿದ್ದವರು ಅವರೊಬ್ಬರೇ.