ಬೆಳೆಯ ನೀರು ಉಳಿಸಬಲ್ಲ ಹೊಸ ಪ್ರೋಟೀನು



ಒಳ್ಳೆಯ ತೆನೆಗಳನ್ನು ಆರಿಸಿ ಬಿತ್ತನೆಗೆ ಇಡುವುದು ನಿಮಗೆ ಹೊಸದಲ್ಲ. ಬೆಳೆದುದರಲ್ಲಿ ಮತ್ತೆ ಆರಿಸಿ ಬಿತ್ತಿದರೆ ತಳಿ ಸುಧಾರಿಸುತ್ತ ಹೋಗುತ್ತದೆ. ಇದೇ ಕ್ರಮದಿಂದ ಪ್ರಯೋಗಾಲಯದಲ್ಲಿ ಪ್ರೋಟೀನುಗಳನ್ನೂ ಸುಧಾರಿಸಬಹುದು. ಕಿಣ್ವಗಳನ್ನು ಹೀಗೆ ಸುಧಾರಿಸಿದ ಫ್ರಾನ್ಸೆಸ್ ಆರ್ನಾಲ್ಡ್ ಅವರಿಗೆ 2018ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದ ಅರ್ಧ ಭಾಗ ಸಂದಿತು. ಬೇಸಾಯಕ್ಕೆ ಸಂಬಂಧಿಸಿದ ಉದಾಹರಣೆಯೂ ಒಂದಿದೆ.

ಮಣ್ಣಿನಲ್ಲಿ ತೇವ ಕಡಿಮೆಯಾದಾಗ ಗಿಡವು ಅಬ್ಸಿಸಿಕ್ ಆಮ್ಲವೆಂಬ ಚೋದಕವನ್ನು ಹೆಚ್ಚಾಗಿ ತಯಾರಿಸುತ್ತದೆ. ಈ ಆಮ್ಲ ಕೀಲಿಕೈಯಿದ್ದಂತೆ. ಅದನ್ನು ಹಿಡಿಯುವ ಪ್ರೋಟೀನು ಬೀಗವಿದ್ದಂತೆ. ಎರಡೂ ಕೂಡಿದಾಗ ಎಲೆಯ ಪತ್ರರಂಧ್ರಗಳು ಮುಚ್ಚಿಕೊಂಡು, ನೀರು ಆವಿಯಾಗುವುದು ತಗ್ಗುತ್ತದೆ. ಆದರೆ ಈ ಆಮ್ಲವನ್ನೇ ಸಿಂಪಡಿಸೋಣವೆಂದರೆ ಅದು ಬಿಸಿಲಿಗೆ ಬೇಗ ಕೆಡುತ್ತದೆ.

ಅಮೆರಿಕದ ರಿವರ್‌ಸೈಡ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶಾನ್ ಕಟ್ಲರ್ ಮತ್ತು ಸಂಗಡಿಗರು ಬೀಗವನ್ನೇ ಬದಲಿಸಲು ಹೊರಟರು. ಪ್ರೋಟೀನಿನ ಹಿಡಿಯುವ ಭಾಗದಲ್ಲಿ 25 ಸ್ಥಾನಗಳನ್ನು ಗುರುತಿಸಿ, ಪ್ರತಿ ಸ್ಥಾನದ ಅಮೈನೊ ಆಮ್ಲದ ಬದಲು ಉಳಿದ 19ನ್ನೂ ಒಂದೊಂದಾಗಿ ಇಟ್ಟು 475 ಮಾದರಿಗಳನ್ನು ತಯಾರಿಸಿದರು. ಯೀಸ್ಟ್ ಕೋಶಗಳಲ್ಲಿ ಇವನ್ನು ಹಲವು ಕೃಷಿ ರಾಸಾಯನಿಕಗಳೊಡನೆ ಪರೀಕ್ಷಿಸಿದರು. ಆಲೂಗೆಡ್ಡೆಯ ಅಂಗಮಾರಿ ರೋಗಕ್ಕೆ ಬಳಸುವ ಮ್ಯಾಂಡಿಪ್ರೋಪಮಿಡ್ ಔಷಧವು ಹೊಂದಿಕೆಯಾಯಿತು. ಅದನ್ನು ಹಿಡಿದ ಮಾದರಿಯನ್ನು ಆರಿಸಿ, ಮತ್ತಷ್ಟು ಬದಲಾವಣೆ ಸೇರಿಸಿ, ಪುನಃ ಆರಿಸಿದರು. ಕೊನೆಗೆ ಆರು ಬದಲಾವಣೆಗಳುಳ್ಳ ಪ್ರೋಟೀನು ದೊರೆಯಿತು. ಅದನ್ನು ಟೊಮ್ಯಾಟೊ ಮತ್ತು ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಗಿಡಗಳಿಗೆ ಸೇರಿಸಿ ಔಷಧ ಸಿಂಪಡಿಸಿದಾಗ ನೀರಿನ ನಷ್ಟ ತಗ್ಗಿತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಇಲ್ಲಿ ಎರಡು ಮಾತುಗಳನ್ನು ಮರೆಯಬಾರದು. ಮೊದಲನೆಯದು, ಹೊಸ ಬೀಗವಿಲ್ಲದ ಸಾಮಾನ್ಯ ಟೊಮ್ಯಾಟೊ ಗಿಡಕ್ಕೆ ಈ ಔಷಧ ಕೇವಲ ರೋಗದ ಮದ್ದು. ನೀರು ಉಳಿದೀತೆಂದು ಅದನ್ನು ಸಿಂಪಡಿಸಿದರೆ ಹಣ ವ್ಯರ್ಥ. ಬಾಡುವ ಬೆಳೆಯಂತೂ ಉಳಿಯದು. ಎರಡನೆಯದು, ಪತ್ರರಂಧ್ರ ಮುಚ್ಚಿದರೆ ಇಂಗಾಲಾಮ್ಲದ ಪ್ರವೇಶವೂ ತಗ್ಗಿ ಬೆಳವಣಿಗೆ ಕುಂಠಿತವಾಗುತ್ತದೆ. ಆದುದರಿಂದ ಇಂಥ ಗಿಡಗಳಲ್ಲಿಯೂ ಮಳೆ ಕೈಕೊಟ್ಟ ದಿನಗಳಿಗೆ ಮಾತ್ರ ಈ ಉಪಾಯ ತಕ್ಕುದು.

ಬರ ಬಂದಾಗ ಬೇಕೆಂದಾಗ ಮುಚ್ಚುವ ಎಲೆ ಸಾಧ್ಯವೆಂಬುದನ್ನು ಈ ಕೆಲಸ ತೋರಿಸಿದೆ. ಈಗಿರುವ ಬೆಳೆಗೆ ಮಾತ್ರ ಒಡ್ಡು, ಹೊದಿಕೆ ಮತ್ತು ಸಕಾಲದ ಕಳೆ ತೆಗೆಯುವಿಕೆಯೇ ನೀರಿನ ಕಾವಲು.